ಬುತ್ತಿಗೆ ಸಿಕ್ಕ ಸೀಟು

ನನ್ನ ಕೆಂಪು ಚೌಕಳಿ ಟವೆಲ್ಲು ಈಗ ಶ್ರೀಲಂಕಾದಲ್ಲಿದೆ. ನಮ್ಮ ಓಣಿಯಿಂದ ಪರದೇಶಕ್ಕೆ ಹೋಗಿ ಅಲ್ಲೇ ನೆಲೆ ನಿಂತವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರೆ ಅದೊಂದರ ಹೆಸರು ಹೇಳಬಹುದು. ನಾನು, ನನ್ನ ಹೆಂಡತಿ ಸುಜಾತಾ, ನಮ್ಮವ್ವ, ಮೂವರೂ ಎಂಟೇ ದಿನಕ್ಕೆ ಮಸ್ಕಿಗೆ ಮರಳಿ ಬಂದೆವು. ಟವೆಲ್ಲು ಬರಲಿಲ್ಲ. ಬಚ್ಚಲ ಗೋಡೆಯ ಮೊಳೆಗೆ ಈಗ ಜೋತುಬಿದ್ದಿರುವುದು ಹೊಸ ಹಸಿರು ಟವೆಲ್ಲು. ಅದು ನೀರು ಹೀರುವುದಿಲ್ಲ, ಮೈಮೇಲಿನ ನೀರನ್ನು ಅತ್ತಿಂದಿತ್ತ ಸರಿಸುತ್ತದೆ, ಅಷ್ಟೆ. ದಿನಾ ಬೆಳಿಗ್ಗೆ ಮುಖ ಒರೆಸಿಕೊಳ್ಳುವಾಗ ಹಳೆಯದರ ನೆನಪಾಗುತ್ತದೆ. ಆ ನೆನಪಿನ ಹಿಂದೆಯೇ ಕೊಲಂಬೊ ಸ್ಟೇಷನ್ನೂ ಬರುತ್ತದೆ. ಕಚೇರಿಗೆ ಹೊತ್ತಾಗುತ್ತದೆ.

ನೀವು ನಮ್ಮ ಕಡೆಯವರಾದರೆ ಟವೆಲ್ಲಿನ ಮಹಿಮೆಯನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಅಲ್ಲದಿದ್ದರೆ ಒಂದು ದಿನ ಲಿಂಗಸುಗೂರು ಬಸ್ ನಿಲ್ದಾಣದಲ್ಲಿ ನಿಂತು ನೋಡಿ. ಬಸ್ಸು ಒಳಗೆ ತಿರುಗುವಷ್ಟರಲ್ಲಿ ಜನ ಅದರ ಜೊತೆಗೇ ಓಡುತ್ತಿರುತ್ತಾರೆ. ಬಾಗಿಲ ಕಡೆಗಲ್ಲ, ಕಿಟಕಿಯ ಕಡೆಗೆ. ಕಿಟಕಿಯೊಳಗೆ ಟವೆಲ್ಲು ಎಸೆದರೆ ಆ ಸೀಟು ನಿಮ್ಮದು. ಆಮೇಲೆ ನೀವು ಕಬ್ಬಿನ ಹಾಲು ಕುಡಿದು, ಯಾರ ಜೊತೆಗಾದರೂ ನಾಲ್ಕು ಮಾತಾಡಿ, ನಿಧಾನಕ್ಕೆ ಹತ್ತಬಹುದು. ಟವೆಲ್ಲು ಇಲ್ಲದವರು ಟೊಪ್ಪಿಗೆ ಹಾಕುತ್ತಾರೆ, ಊಟದ ಚೀಲ ಹಾಕುತ್ತಾರೆ, ಅವಸರ ಬಿದ್ದರೆ ಕೂಸನ್ನೇ ಕಿಟಕಿಯಿಂದ ಒಳಗೆ ದಾಟಿಸುತ್ತಾರೆ. ಮುದಗಲ್ಲಿನ ಒಬ್ಬ ಬಳೆಗಾರ ಏನೂ ಸಿಗದೆ ತನ್ನ ಒಂದು ಚಪ್ಪಲಿಯನ್ನು ಒಗೆದದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಬಸ್ಸು ಅವನನ್ನು ಬಿಟ್ಟು ಹೊರಟಿತು. ಅವನು ಮಟಮಟ ಮಧ್ಯಾಹ್ನದಲ್ಲಿ ಒಂದೇ ಚಪ್ಪಲಿಯಲ್ಲಿ, ಡಾಂಬರಿನ ಮೇಲೆ ಒಂಟಿಗಾಲಿನ ಕುಂಟಲಪಿ ಆಡುತ್ತ, ಅದರ ಹಿಂದೆ ಓಡಿದ. ಅಂದು ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಅಷ್ಟು ನಗಬಾರದಿತ್ತು.

ಈ ಕಾನೂನಿಗೆ ಒಂದೇ ಒಂದು ಕೊರತೆ ಇದೆ. ಟವೆಲ್ಲಿಗೆ ಬಾಯಿಲ್ಲ. ಯಾರಾದರೂ ಅದನ್ನು ಸರಿಸಿ ಕೂತರೆ ಅದು ಏನೂ ಅನ್ನುವುದಿಲ್ಲ. ಹಾಗೆ ಸರಿಸಿ ಕೂತ ಮಹಾನುಭಾವರಲ್ಲಿ ನಾನೂ ಒಬ್ಬ ಎಂಬುದನ್ನು ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಸಿಂಧನೂರಿನ ಕಾಲುವೆ ಕಚೇರಿಯಲ್ಲಿ ಗುಮಾಸ್ತ. ಮಸ್ಕಿಯಿಂದ ದಿನಾ ಹೋಗಿ ಬರುವವನು. ಕೆಲವು ವರ್ಷಗಳ ಹಿಂದೆ ಒಂದು ಸಂಜೆ, ಕಣ್ಣು ತೋರಿಸಲು ಸಿಂಧನೂರಿಗೆ ಬಂದಿದ್ದ ಅವ್ವನೂ ನನ್ನ ಜೊತೆಗಿದ್ದಳು. ಅವಳಿಗೆ ಹೆಂಗಸರ ಸೀಟು ಸಿಕ್ಕಿತು. ನನ್ನ ಎದುರಿಗಿದ್ದ ಸೀಟಿನ ಮೇಲೆ ಒಂದು ಮಾಸಿದ ಬಿಳಿ ಟವೆಲ್ಲು ಬಿದ್ದಿತ್ತು. ನಾನು ಅತ್ತ ಇತ್ತ ನೋಡಿದೆ, ಅದನ್ನು ಕಾಣದವನಂತೆ ಕೂತುಬಿಟ್ಟೆ. ಕಿಸೆಯಿಂದ ಫೋನು ತೆಗೆದು ಬಹಳ ಮುಖ್ಯವಾದದ್ದೇನನ್ನೋ ಓದುವವನ ಮುಖ ಮಾಡಿದೆ.

ಬಸ್ಸು ಹೊರಟಾಗ ಒಬ್ಬ ಮುದುಕ ಬಂದು ಪಕ್ಕದಲ್ಲಿ ನಿಂತ. ಕಾಲಿಗೆ ಇನ್ನೂ ಗದ್ದೆಯ ಕೆಸರಿತ್ತು, ಜವಳಗೇರಾದ ಕಡೆಯ ಭತ್ತದ ಕೆಲಸದವನು. ಮೇಲಿನ ಕಂಬಿ ಹಿಡಿದು, ತೂಗಾಡುತ್ತ, ಕಿಟಕಿಯ ಹೊರಗೆ ನೋಡುತ್ತ ಮಸ್ಕಿಯವರೆಗೂ ನಿಂತ. ನಾನು ಇಳಿಯಲು ಎದ್ದಾಗ ಮೆಲ್ಲಗೆ ಹೇಳಿದ.

“ಸ್ವಲ್ಪ ಸರೀರಿ ಸಾಹೇಬ್ರ. ನನ್ನ ಟವೆಲ್ ತೊಗೋತೀನಿ.”

ನಾನು ಅಷ್ಟು ಹೊತ್ತೂ ಅದರ ಮೇಲೆಯೇ ಕೂತಿದ್ದೆ. ಅವ್ವ ಎಲ್ಲವನ್ನೂ ನೋಡಿದ್ದಳು. ಮನೆಯಲ್ಲಿ ಊಟಕ್ಕೆ ಕೂತಾಗ, ರೊಟ್ಟಿ ಬಡಿಸುತ್ತ, “ಹಿರಿಮನಷ್ಯಾ ಅಂವ. ನಿಂತಾ ಬಂದ” ಎಂದಳು. ಆ ಮಾತನ್ನು ಅವಳು ಇವತ್ತಿಗೂ ಬಿಟ್ಟಿಲ್ಲ. ಮನೆಯಲ್ಲಿ ನಾನು ದೊಡ್ಡ ಮಾತು ಆಡಿದಾಗಲೆಲ್ಲ ಆ ಮುದುಕನನ್ನು ತಂದು ನನ್ನೆದುರು ನಿಲ್ಲಿಸುತ್ತಾಳೆ.

ಇನ್ನು ಪರದೇಶದ ಮಾತು. ನಮಗೆ ಶ್ರೀಲಂಕಾಕ್ಕೆ ಹೋಗುವ ಹುಚ್ಚು ಹತ್ತಿದ್ದು ಅವ್ವನಿಂದ. ಮಸ್ಕಿಯ ಗುಡ್ಡದ ಬಂಡೆಯ ಮೇಲೆ ಅಶೋಕನ ಶಾಸನ ಇದೆಯಲ್ಲ, ಅವ್ವ ಸಣ್ಣವಳಿದ್ದಾಗ ಅದರ ನೆರಳಲ್ಲಿ ಕೂತು ಆಡು ಕಾಯ್ದವಳು. ಅಪ್ಪ ಇದ್ದಾಗಲೇ ನಮ್ಮ ಮನೆ ಬುದ್ಧನ ದಾರಿ ಹಿಡಿಯಿತು. ಅಶೋಕನ ಮಗಳು ಬೋಧಿವೃಕ್ಷದ ಒಂದು ಕೊಂಬೆಯನ್ನು ಲಂಕೆಗೆ ಒಯ್ದು ಅನುರಾಧಪುರದಲ್ಲಿ ನೆಟ್ಟಳು, ಆ ಮರ ಇವತ್ತಿಗೂ ಇದೆ ಎಂದು ಅಪ್ಪ ಹೇಳಿದ್ದನ್ನು ಅವ್ವ ಗಂಟು ಹಾಕಿ ಇಟ್ಟುಕೊಂಡಿದ್ದಳು. ನಾವಿಬ್ಬರೂ ನೌಕರಿಯವರು, ಕೈಯಲ್ಲಿ ನಾಲ್ಕು ಕಾಸು ಇದ್ದವು, ಹೋಗೋಣ ಎಂದೆವು. ಅವ್ವ ಅಂದೇ ಶೇಂಗಾ ಹುರಿಯಲು ಕೂತಳು.

“ಇದ್ಯಾಕ ಅವ್ವಾ?”

“ಬುತ್ತಿ ಬ್ಯಾಡೇನು? ನಮ್ಮ ಗುಡ್ಡದ ಕಲ್ಲಿನ ಮ್ಯಾಲ ಹೆಸರ ಬರಸ್ಯಾನಂದ್ರ ಅಂವ ನಮ್ಮೂರಾವ. ಅವನ ಮಗಳಂದ್ರ ನಮ್ಮೂರ ಮಗಳು. ಸಮುದ್ರ ದಾಟಿ ಹೋಗ್ಯಾಳ. ಎರಡು ಸಾವಿರ ವರ್ಷದ ಮ್ಯಾಲಾತು, ತವರಿನಿಂದ ಯಾರರ ಒಬ್ರು ಬುತ್ತಿ ಕಟಗೊಂಡು ಹೋಗ್ಯಾರೇನು?”

ನಾನು ಓದಿದವನಲ್ಲವೇ, ಸುಮ್ಮನಿರಲು ಆಗಲಿಲ್ಲ. “ಅಂವ ಪಾಟ್ನಾದಾಗ ಇದ್ದ ಅವ್ವಾ. ಮಸ್ಕಿಗೆ ಬಂದಾನೋ ಇಲ್ಲೋ ಅದ ಗೊತ್ತಿಲ್ಲ” ಎಂದೆ.

“ಪಾಟ್ನಾದವರ ಬುತ್ತಿ ಪಾಟ್ನಾದವರು ಒಯ್ಯಲಿ. ನಮ್ಮದು ನಾವು ಒಯ್ಯೋಣು.”

“ಅಕಿ ಗಂಡನ ಮನಿಗೆ ಹೋದಾಕಿ ಅಲ್ಲ. ಭಿಕ್ಷುಣಿ ಆಗಿ ಹೋದಾಕಿ.”

“ಭಿಕ್ಷುಣಿ ಆದ್ರ ಹಸಿವಾಗಂಗಿಲ್ಲೇನು?”

ಅಲ್ಲಿಗೆ ಇತಿಹಾಸ ಮುಗಿಯಿತು. ದೊಡ್ಡ ಸ್ಟೀಲ್ ಡಬ್ಬಿಯೊಳಗೆ ಎಳ್ಳು ಹಚ್ಚಿದ ಕಟಕ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಒಂದು ಪೊಟ್ಟಣ ಶೇಂಗಾ ಹಿಂಡಿ, ಅಂದರೆ ಖಾರದ ಚಟ್ನಿಪುಡಿ, ಕೂತವು. ಡಬ್ಬಿಯ ಮೇಲೆ ಒಂದು ಹಸಿರು ಖಣ, ಹಿಡಿ ಅಕ್ಕಿ, ಐದು ಉತ್ತತ್ತಿ, ಒಂದು ಕೊಬ್ಬರಿ ಬಟ್ಟಲು ಬಂದವು. ಮಗಳ ಮನೆಗೆ ಹೋದ ಮೇಲೆ ಉಡಿ ತುಂಬದೆ ಬರುತ್ತಾರೆಯೇ? ನಮ್ಮ ಮನೆಯಿಂದ ಹಳೆಯ ಪೂಜೆ ಪುನಸ್ಕಾರಗಳೆಲ್ಲ ಹೋದರೂ ಉಡಿ ತುಂಬುವುದು ಹೋಗಿಲ್ಲ. “ಅದು ದೇವರ ಕೆಲಸ ಅಲ್ಲ, ಹೆಣ್ಮಕ್ಕಳ ಕೆಲಸ” ಎಂಬುದು ಅವ್ವನ ತೀರ್ಮಾನ. ಲಂಕೆಗೆ ಕೊಬ್ಬರಿ ಒಯ್ಯುವುದು ಕೃಷ್ಣಾ ನದಿಗೆ ನೀರು ಒಯ್ದ ಹಾಗೆ ಎಂದು ನಾನು ನಕ್ಕೆ. ಅವಳು ನನ್ನ ಕೆಂಪು ಚೌಕಳಿ ಟವೆಲ್ಲನ್ನು ಮೊಳೆಯಿಂದ ತೆಗೆದು, ಒಗೆದು ಒಣಗಿಸಿ, ಎಲ್ಲವನ್ನೂ ಅದರಲ್ಲಿ ಕಟ್ಟಿ ಗಂಟು ಹಾಕಿದಳು.

ಹೊರಡುವ ಮುಂಚೆ ಒಂದು ವಾರ ನಾನು ಇಬ್ಬರಿಗೂ ಪಾಠ ಮಾಡಿದೆ. ಪರದೇಶದಲ್ಲಿ ಗಟ್ಟಿಯಾಗಿ ಮಾತಾಡಬಾರದು. ಕಂಡಕಂಡವರನ್ನು ಯಾವೂರು, ಎಷ್ಟು ಮಕ್ಕಳು ಎಂದು ಕೇಳಬಾರದು. ಸಾಲಿನಲ್ಲಿ ನಿಲ್ಲಬೇಕು. ನೂಕಬಾರದು. “ನಮ್ಮೂರ ಮಂದಿ ಹಂಗ ಮಾಡಬ್ಯಾಡ್ರಿ, ದೇಶದ ಮರ್ಯಾದಿ ಪ್ರಶ್ನೆ” ಎಂದು ಕೊನೆಗೆ ಸೇರಿಸಿದೆ. ಸುಜಾತಾ ಶಾಲೆಯ ಟೀಚರು. ಒಂದು ವಾರ ಯಾರದೋ ಪಾಠ ಕೇಳಬೇಕಾಗಿ ಬಂದದ್ದು ಅವಳಿಗೆ ಹೊಸದು. ಹಲ್ಲು ಕಚ್ಚಿ ಕೇಳಿದಳು.

ವಿಮಾನ ಬೆಂಗಳೂರಿನಿಂದ ಕೊಲಂಬೊಕ್ಕೆ ಹೋಗಲು ತೆಗೆದುಕೊಂಡದ್ದು ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವಷ್ಟೇ ಹೊತ್ತು. “ಇಷ್ಟ ಹತ್ರ ಇದ್ದು ಯಾರೂ ಹೋಗಿಲ್ಲ ನೋಡು” ಎಂದು ಅವ್ವ ಎರಡು ಸಾವಿರ ವರ್ಷದ ಮಸ್ಕಿಯವರನ್ನೆಲ್ಲ ಬೈದಳು. ಇಳಿದಲ್ಲಿ ತಪಾಸಣೆಯ ಅಧಿಕಾರಿ ನಮ್ಮ ಗಂಟನ್ನು ಬಿಚ್ಚಿಸಿದ. ನಾನು ಇಂಗ್ಲಿಷಿನಲ್ಲಿ ಧಾರ್ಮಿಕ ಉದ್ದೇಶ, ಸಾಂಸ್ಕೃತಿಕ ಮಹತ್ವ ಎಂದು ತಡವರಿಸಿದೆ. ಅವನ ಮುಖ ಇನ್ನಷ್ಟು ಗಂಭೀರವಾಯಿತು. ಹಿಂಡಿಯ ಪೊಟ್ಟಣಕ್ಕೆ ಮೂಗು ಹತ್ತಿರ ತಂದವನು ಮೂರು ಸಲ ಸೀನಿದ. ಅವ್ವ ಮುಂದೆ ಬಂದು, “ಮಗಳಿಗೆ ಒಯ್ಯಾಕತ್ತೀನಿ ತಮ್ಮಾ. ಬುತ್ತಿ” ಎಂದಳು, ಕೈಯನ್ನು ಬಾಯಿಗೆ ತಂದು ತೋರಿಸುತ್ತ. ಅವನು ಕಣ್ಣೀರು ಒರೆಸಿಕೊಂಡು ನಕ್ಕ, ಗಂಟನ್ನು ತಾನೇ ಕಟ್ಟಲು ಹೋಗಿ ಆಗದೆ ಅವ್ವನ ಕೈಗೇ ಕೊಟ್ಟ.

ಮುಂದೆ ಎಂಟು ದಿನವೂ ಹೀಗೇ ಆಯಿತು. ನನ್ನ ಇಂಗ್ಲಿಷು ಯಾರಿಗೂ ಅರ್ಥವಾಗುತ್ತಿರಲಿಲ್ಲ. ಅವ್ವನ ಕನ್ನಡ ಎಲ್ಲರಿಗೂ ಅರ್ಥವಾಗುತ್ತಿತ್ತು. ಚಹಾದಂಗಡಿಯಲ್ಲಿ ನಾನು ಸಕ್ಕರೆ ಬೇಡ ಎಂದು ವಿವರಿಸಿ ಹೇಳಿದರೆ ಎರಡು ಚಮಚ ಹೆಚ್ಚು ಬೀಳುತ್ತಿತ್ತು. ಅವ್ವ ಅಂಗಡಿಯವಳ ಮುಖ ನೋಡಿ “ಸಕ್ರಿ ಬ್ಯಾಡವಾ” ಎಂದು ಕೈ ಆಡಿಸಿದರೆ ಕರಿ ಚಹಾದ ಜೊತೆಗೆ ಒಂದು ಚೂರು ಬೆಲ್ಲ ಬರುತ್ತಿತ್ತು. ಬೆಲ್ಲ ಕಡಿದು ಚಹಾ ಗುಟುಕರಿಸುವುದು ಅಲ್ಲಿಯ ಪದ್ಧತಿ. ಅವ್ವನ ಅವ್ವನೂ ಹಾಗೇ ಕುಡಿಯುತ್ತಿದ್ದಳಂತೆ. “ಮಗಳು ಇಲ್ಲಿ ಸುಖವಾಗಿದ್ದಾಳ ಬಿಡು” ಎಂದು ಅವ್ವ ಅಂದೇ ಸರ್ಟಿಫಿಕೇಟು ಕೊಟ್ಟಳು.

ಎರಡನೆಯ ದಿನ ಅನುರಾಧಪುರಕ್ಕೆ ರೈಲು ಹಿಡಿಯಲು ಕೊಲಂಬೊ ಸ್ಟೇಷನ್ನಿಗೆ ಬಂದೆವು. ಹುಣ್ಣಿಮೆಯ ಹಿಂದಿನ ದಿನ. ಕಾಯ್ದಿರಿಸುವ ಸೀಟುಗಳೆಲ್ಲ ಮುಗಿದಿದ್ದವು. ಪ್ಲಾಟ್‌ಫಾರಂ ತುಂಬ ಬಿಳಿ ಬಟ್ಟೆ ಉಟ್ಟ ಜನ, ಎಲ್ಲರೂ ಆ ಮರವನ್ನು ನೋಡಲು ಹೊರಟವರು. ಅವ್ವನೂ ನೀಲಿ ಅಂಚಿನ ಬಿಳಿ ಸೀರೆ ಉಟ್ಟಿದ್ದಳು. ಗಂಟು ನನ್ನ ಕೈಯಲ್ಲಿತ್ತು. ನಾನು ಸಾಲಿನಲ್ಲಿ ನಿಲ್ಲುವುದರ ಬಗ್ಗೆ ಕೊನೆಯ ಪಾಠ ಹೇಳುತ್ತಿದ್ದೆ. ರೈಲು ಬಂತು.

ಜನ ಓಡಿದರು. ಇಷ್ಟೇ ನನಗೆ ಸ್ಪಷ್ಟವಾಗಿ ನೆನಪಿರುವುದು. ಓಡುವ ಜನ, ಜಾರುತ್ತಿರುವ ಕಿಟಕಿಗಳು, ಒಳಗೆ ಒಂದು ಖಾಲಿ ಸೀಟು. ನನ್ನ ತಲೆ ಪರದೇಶದಲ್ಲಿತ್ತು, ಕೈ ಲಿಂಗಸುಗೂರಿನಲ್ಲಿತ್ತು. ಮೂವತ್ತು ವರ್ಷದ ಅಭ್ಯಾಸ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ನಾನು ನಾಲ್ಕು ಹೆಜ್ಜೆ ಓಡಿ ಟವೆಲ್ಲನ್ನು ಕಿಟಕಿಯೊಳಗೆ ಒಗೆದೆ. ಒಗೆದ ಮೇಲೆ ಅದರೊಳಗೆ ಡಬ್ಬಿ ಇದೆ ಎಂಬುದು ಹೊಳೆಯಿತು.

ದೇವರ ದಯೆ, ಯಾರ ತಲೆಯೂ ಒಡೆಯಲಿಲ್ಲ. ಎದುರಿನ ಸೀಟಿನಲ್ಲಿ ಕೂತಿದ್ದ ಹೆಂಗಸೊಬ್ಬಳು ಎರಡೂ ಕೈಯಿಂದ ಅದನ್ನು ಹಿಡಿದಳು. ಐವತ್ತರ ಆಚೀಚೆ, ಕಪ್ಪು ಮೈಬಣ್ಣ, ಬಿಳಿ ರವಿಕೆ. ನನ್ನನ್ನು ನೋಡಿದಳು. ನನ್ನ ಹಿಂದೆ ಬಿಳಿ ಸೀರೆಯ ಅವ್ವನನ್ನು ನೋಡಿದಳು. ಗಂಟನ್ನು ಖಾಲಿ ಸೀಟಿನ ನಡುವೆ ಇಟ್ಟು, ಅದರ ಚುಂಗನ್ನು ಎಳೆದು ಅಗಲ ಮಾಡಿದಳು. ನಾನು ಮೂರು ಬೆರಳು ತೋರಿಸಿದೆ. ಆಕೆ ಒಂದೇ ಬೆರಳು ತೋರಿಸಿದಳು. ಒಂದು ಟವೆಲ್ಲಿಗೆ ಒಂದೇ ಸೀಟು. ಕಾನೂನು ಅಲ್ಲಿಯೂ ಅದೇ.

ಆದರೆ ನಾವು ಹತ್ತಲಾಗಲಿಲ್ಲ. ರೈಲಿನ ಮೆಟ್ಟಿಲು ಎತ್ತರ, ಅವ್ವನ ಮೊಳಕಾಲು ಹಳೆಯದು, ಬಾಗಿಲಲ್ಲಿ ಹತ್ತು ಜನ ಒಟ್ಟಿಗೇ ಸಿಕ್ಕಿಕೊಂಡಿದ್ದರು. ಸುಜಾತಾ ಹಿಂದಿನಿಂದ ದಬ್ಬಿದಳು, ನಾನು ಮುಂದಿನಿಂದ ಎಳೆದೆ, ಸೀಟಿ ಊದಿದರು, ರೈಲು ಅಲುಗಿತು. ಅವ್ವನನ್ನು ಕೆಳಗೆ ಇಳಿಸಿಕೊಂಡು ನಿಂತೆವು. ಆ ಕಿಟಕಿ ನಮ್ಮೆದುರೇ ಹಾದು ಹೋಯಿತು. ದೊಡ್ಡ ಮೈಯ ಗಂಡಸೊಬ್ಬ ಸೀಟಿನ ಮೇಲೆ ಬಗ್ಗಿದ್ದ. ಆಕೆ ಗಂಟಿನ ಮೇಲೆ ಅಂಗೈ ಊರಿ ಅವನ ಜೊತೆ ಜಗಳಕ್ಕೆ ನಿಂತಿದ್ದಳು. ನಾನು ಸ್ವಲ್ಪ ದೂರ ಓಡಿದೆ. ಮುದಗಲ್ಲಿನ ಬಳೆಗಾರ ನೆನಪಾದ.

ಅವ್ವ ಬೈದಿದ್ದರೆ ಚೆನ್ನಾಗಿತ್ತು. ಪ್ಲಾಟ್‌ಫಾರಂ ಖಾಲಿಯಾಗುವತನಕ ರೈಲು ಹೋದ ದಿಕ್ಕಿಗೆ ನೋಡುತ್ತಿದ್ದಳು. ಆಮೇಲೆ ಹೇಳಿದಳು.

“ಇರಲಿ ಬಿಡಪಾ. ಬುತ್ತಿಗಾದ್ರೂ ಸೀಟ್ ಸಿಕ್ತು.”

ಸುಜಾತಾ ಮುಖ ಆ ಕಡೆ ತಿರುಗಿಸಿದಳು. ನಗುತ್ತಿದ್ದಳೋ ಅಳುತ್ತಿದ್ದಳೋ ಗೊತ್ತಾಗಲಿಲ್ಲ. “ದೇಶದ ಮರ್ಯಾದಿ ಪ್ರಶ್ನೆ ಅಂದಿದ್ರಲ್ರೀ” ಎಂದಳು, ನನ್ನ ಕಡೆ ತಿರುಗದೆಯೇ.

ಮುಂದಿನ ರೈಲು ಹಿಡಿದು ಅನುರಾಧಪುರ ಮುಟ್ಟಿದಾಗ ಸಂಜೆಯಾಗಿತ್ತು. ಸ್ಟೇಷನ್ನಿನಲ್ಲಿ ಕೇಳಿದರೆ ಅಂಥ ಗಂಟು ಯಾರೂ ಒಪ್ಪಿಸಿರಲಿಲ್ಲ. ಕೆಂಪು ಟವೆಲ್ಲು, ಸ್ಟೀಲ್ ಡಬ್ಬಿ ಎಂದು ನಾನು ಇಂಗ್ಲಿಷಿನಲ್ಲಿ ಬಣ್ಣಿಸಿದೆ. ಅವರು ಮರುಕದಿಂದ ತಲೆ ಆಡಿಸಿದರು. ಯಾತ್ರಿಕರ ವಸತಿಯಲ್ಲಿ ಅವ್ವ ಅರ್ಧ ಊಟಕ್ಕೇ ಕೈ ತೊಳೆದಳು. ಬೆಳಿಗ್ಗೆ ಎದ್ದು ಸ್ನಾನ ಮಾಡಿ ಅದೇ ಬಿಳಿ ಸೀರೆ ಉಟ್ಟಳೇನೋ ಸರಿ, ಆದರೆ ಮರದ ಹಾದಿಯಲ್ಲಿ ಅವಳ ಹೆಜ್ಜೆ ಸಾಗುತ್ತಿರಲಿಲ್ಲ.

ಆ ಹಾದಿಯ ಒಂದು ಮಗ್ಗುಲಿಗೆ ಹೂವಿನಂಗಡಿಗಳ ಸಾಲು. ತಾವರೆ, ನೀಲಿ ನೈದಿಲೆ. ಮೊಗ್ಗಿನ ದಳಗಳನ್ನು ಒಂದೊಂದೇ ಹಿಂದಕ್ಕೆ ಮಡಚಿ ಅರಳಿಸುತ್ತ ಕೂತ ಹೆಂಗಸರು. ಅಲ್ಲಿ ಒಂದು ಕಲ್ಲಿನ ಕಟ್ಟೆ ಕಂಡದ್ದೇ ಅವ್ವ ಕೂತುಬಿಟ್ಟಳು.

“ನೀವಿಬ್ರೂ ಹೋಗಿಬರ್ರಿ. ನಾ ಇಲ್ಲೇ ಕುಂತಿರ್ತೀನಿ.”

“ಇಷ್ಟು ದೂರ ಬಂದು? ಮರ ಇನ್ನ ನಾಕ ಹೆಜ್ಜಿ ಐತಿ ಅವ್ವಾ.”

“ಮಗಳ ಮನಿಗೆ ಖಾಲಿ ಕೈಲೆ ಹೆಂಗ ಹೋಗಲೋ? ತವರವರು ಬಂದಾರ ಅಂತ ಅಕಿ ಬಾಗಿಲಿಗೆ ಬಂದ್ರ ಏನ ಕೊಡ್ಲಿ? ಕೈ ಬೀಸಿಕೊಂಡು ಹೋಗಂಗಿಲ್ಲಪಾ ನಾ.”

ಅದು ಕಥೆ, ಆಕೆ ಯಾವ ಬಾಗಿಲಿಗೂ ಬರುವುದಿಲ್ಲ ಎಂದು ಹೇಳುವಷ್ಟು ಓದಿದವನು ನಾನು. ಆದರೆ ಜೀವಮಾನದಲ್ಲಿ ಅವಳು ನನ್ನಿಂದ ಕೇಳಿದ್ದು ಇದೊಂದನ್ನೇ. ಆ ಒಂದನ್ನೂ ನಾನು ಕಿಟಕಿಯಲ್ಲಿ ಒಗೆದು ಬಂದಿದ್ದೆ. ನಿಜ ಹೇಳುತ್ತೇನೆ, ಅಲ್ಲಿ ನಿಂತಾಗ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ಹೆಗಲ ಮೇಲೆ ಕೈ ಹಾಕಿದೆ, ಟವೆಲ್ಲು ಇರಲಿಲ್ಲ.

ಆಗ ಸುಜಾತಾ ನನ್ನ ತೋಳು ಜಗ್ಗಿದಳು. “ರೀ, ಅಲ್ಲಿ ನೋಡ್ರಿ.”

ಸಾಲಿನ ನಡುವಿನ ಒಂದು ಅಂಗಡಿಯಲ್ಲಿ, ಹೂವಿನ ಹಲಗೆಯ ಅರ್ಧ ಭಾಗವನ್ನು ಖಾಲಿ ಮಾಡಿ, ಅಲ್ಲಿ ನನ್ನ ಕೆಂಪು ಚೌಕಳಿ ಟವೆಲ್ಲನ್ನು ಸುಕ್ಕಿಲ್ಲದ ಹಾಗೆ ಹಾಸಿದ್ದರು. ಹಾದಿಯಲ್ಲಿ ಹೋಗುವ ಪ್ರತಿಯೊಬ್ಬರ ಕಣ್ಣಿಗೂ ಬೀಳುವಂತೆ. ಅದರ ಮೇಲೆ ಖಣ, ಅಕ್ಕಿ, ಉತ್ತತ್ತಿ, ಕೊಬ್ಬರಿ. ಪಕ್ಕದಲ್ಲಿ ನೀರು ತುಂಬಿದ ಒಂದು ತಟ್ಟೆ, ಆ ನೀರಿನ ನಡುವೆ ನಮ್ಮ ಸ್ಟೀಲ್ ಡಬ್ಬಿ. ಇರುವೆ ಹತ್ತಬಾರದೆಂದು. ಹಿಂದೆ ಕೂತಿದ್ದವಳು ರೈಲಿನ ಆ ಹೆಂಗಸು.

ಅವ್ವ ಎದ್ದು ಬಂದಳು. ಖಣವನ್ನಾಗಲಿ ಕೊಬ್ಬರಿಯನ್ನಾಗಲಿ ನೋಡಲಿಲ್ಲ. ತಟ್ಟೆಯ ನೀರನ್ನು ನೋಡುತ್ತ ನಿಂತಳು. ನಮ್ಮ ಮನೆಯಲ್ಲಿ ಹೋಳಿಗೆಯ ಡಬ್ಬಿಯನ್ನು ಅವಳು ಇಡುವುದೂ ಹೀಗೆಯೇ.

ಆ ಹೆಂಗಸು ನಮ್ಮನ್ನು ಗುರುತಿಸಿ ಒಂದೇ ಸಮನೆ ಸಿಂಹಳದಲ್ಲಿ ಮಾತಾಡತೊಡಗಿದಳು. ಪಕ್ಕದಂಗಡಿಯ ಮುದುಕನಿಗೆ ತುಸು ಇಂಗ್ಲಿಷು ಬರುತ್ತಿತ್ತು. ಅವನು ನಗುತ್ತ ನಗುತ್ತ ನಮಗೆ ತಿಳಿಸಿದ. ಆಕೆಯ ಹೆಸರು ಸೋಮಾವತಿ. ಕೊಲಂಬೊದಲ್ಲಿರುವ ತಂಗಿಯನ್ನು ನೋಡಿಕೊಂಡು ಬರುತ್ತಿದ್ದಳು. ನಾವು ಹಿಂದಿನ ಬೋಗಿಯಲ್ಲಿ ಹತ್ತಿದ್ದೇವೆ, ಈಗ ಬಂದೇವು, ಆಗ ಬಂದೇವು ಎಂದು ನಾಲ್ಕು ತಾಸು ಆ ಸೀಟನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಏಳು ಜನರ ಜೊತೆ ಜಗಳ ಆಡಿದಳು. ಇಳಿದ ಮೇಲೂ ಸ್ಟೇಷನ್ನಿನಲ್ಲಿ ಕಾದಳು. ಬಿಳಿ ಸೀರೆಯ ಆ ಅಮ್ಮ ಮರವನ್ನು ನೋಡಲೇ ಬರುವವಳು, ಬಂದರೆ ಈ ಹಾದಿಯಲ್ಲೇ ಬರಬೇಕು ಎಂದು ಗಂಟನ್ನು ಅಂಗಡಿಗೆ ತಂದಳು. ಬೆಳಗಿನಿಂದ ಅರ್ಧ ಹಲಗೆ ಟವೆಲ್ಲಿಗೇ ಹೋಗಿದೆ, ಹುಣ್ಣಿಮೆಯ ವ್ಯಾಪಾರ ನಮಗೆ ಬಂತು ಎಂದು ಅಕ್ಕಪಕ್ಕದವರು ಆಕೆಯನ್ನು ಹಾಸ್ಯ ಮಾಡುತ್ತಿದ್ದರಂತೆ.

ನಾನು ಥ್ಯಾಂಕ್ಸ್ ಎಂದೆ. ಆ ಮಾತು ಎಷ್ಟು ಸಣ್ಣದು ಎಂಬುದು ನನಗೆ ಅಂದೇ ಗೊತ್ತಾದದ್ದು.

ಅವ್ವನಿಗೆ ಮಾತು ಬೇಕಾಗಿರಲಿಲ್ಲ. “ಏಳವ್ವಾ ಸೋಮವ್ವಾ, ನಿಂದ್ರು” ಎಂದು ಆಕೆಯನ್ನು ಎಬ್ಬಿಸಿದಳು. ಉಡಿ ತುಂಬಲು ಅಕ್ಕಿಯನ್ನು ಬೊಗಸೆಯಲ್ಲಿ ತೆಗೆದುಕೊಂಡಳು. ಅಲ್ಲಿಗೆ ತಡವರಿಸಿ ನಿಂತಳು. ಸೋಮಾವತಿ ಉಟ್ಟದ್ದು ಲುಂಗಿಯಂಥ ಸುತ್ತು ಬಟ್ಟೆ ಮತ್ತು ರವಿಕೆ. ಸೆರಗು ಇಲ್ಲ. ಸೆರಗಿಲ್ಲದೆ ಉಡಿ ಎಲ್ಲಿ ತುಂಬುವುದು? ಅವ್ವ ಒಂದು ಗಳಿಗೆ ಯೋಚಿಸಿ, ಎಲ್ಲವನ್ನೂ ಹಲಗೆಯ ಮೇಲೆ ಸರಿಸಿಟ್ಟು, ಟವೆಲ್ಲು ತೆಗೆದು ಕೊಡವಿ, ಅದರ ಒಂದು ಅಂಚನ್ನು ಆಕೆಯ ಸೊಂಟಕ್ಕೆ ಸಿಕ್ಕಿಸಿದಳು. ಇನ್ನೊಂದು ಅಂಚಿನ ಎರಡು ತುದಿಗಳನ್ನು ಆಕೆಯ ಎರಡು ಕೈಗೆ ಕೊಟ್ಟಳು. ವರ್ಷಗಟ್ಟಲೆ ಬಸ್ಸಿನ ಸೀಟು ಹಿಡಿದ ಟವೆಲ್ಲು ಸೆರಗಾಯಿತು.

ಅದರಲ್ಲಿ ಅಕ್ಕಿ ಬಿತ್ತು, ಖಣ ಬಿತ್ತು, ಉತ್ತತ್ತಿ, ಕೊಬ್ಬರಿ ಬಿದ್ದವು. ಕೊನೆಗೆ ಡಬ್ಬಿಯ ನೀರು ಒರೆಸಿ ಅದನ್ನೂ ಇಟ್ಟಳು. ಸೋಮಾವತಿಗೆ ಇದೇನೆಂದು ಗೊತ್ತಿರಲಿಲ್ಲ. ಆದರೆ ಕೊಸರಾಡಲಿಲ್ಲ, ಎರಡೂ ತುದಿಗಳನ್ನು ಒಂದೇ ಕೈಗೆ ಹಿಡಿದು, ಬಗ್ಗಿ ಅವ್ವನ ಪಾದ ಮುಟ್ಟಿದಳು. ನಾನು ಮೆಲ್ಲಗೆ ನೆನಪಿಸಿದೆ.

“ಅವ್ವಾ, ಇದು ಮರಕ್ಕ ತಂದದ್ದಲ್ಲೇನು? ಅಶೋಕನ ಮಗಳಿಗೆ?”

“ಮತ್ತ ಇಕಿ ಯಾರು?” ಎಂದಳು ಅವ್ವ. “ಬುತ್ತಿ ತಾನಾ ನಮಗಿಂತ ಮುಂದ ಬಂದು ಮಗಳ ಮನಿ ಹುಡಿಕೇತಿ. ನಿನಗ ಗೊತ್ತಾಗಲಿಲ್ಲ, ಅದಕ್ಕ ಗೊತ್ತಾತು.”

ಸೋಮಾವತಿ ಮೂರು ತಟ್ಟೆ ತುಂಬ ನೀಲಿ ನೈದಿಲೆ ಕೊಟ್ಟಳು. ಹಣ ಕೊಡಲು ಹೋದರೆ ನನ್ನ ಕೈ ಮೇಲೆ ಹೊಡೆದಳು, ರೈಲಿನಲ್ಲಿ ಆ ದೊಡ್ಡ ಮೈಯವನನ್ನು ಹೊಡೆದಿರಬಹುದಾದಂತೆ. ಅವ್ವ ತುಂಬಿದ ಕೈಯಿಂದ ಬರಿಗಾಲಲ್ಲಿ ಮರದ ಹತ್ತಿರ ಹೋದಳು. ಚಿನ್ನದ ಬಣ್ಣದ ಆಸರೆಗಳ ಮೇಲೆ ಒರಗಿದ ಆ ಹಳೆಯ ಕೊಂಬೆಯನ್ನು ಬಹಳ ಹೊತ್ತು ನೋಡಿದಳು. “ಸೊರಗ್ಯಾಳ. ಆದ್ರ ಅರಾಮ ಅದಾಳ” ಎಂದಳು. ಟವೆಲ್ಲನ್ನು ಕೇಳುವ ಮಾತೇ ಇರಲಿಲ್ಲ. ಉಡಿಯ ಬಟ್ಟೆಯನ್ನು ಯಾರಾದರೂ ತಿರುಗಿ ಕೇಳುತ್ತಾರೆಯೇ?

ಮೊನ್ನೆ ಲಿಂಗಸುಗೂರಿಗೆ ಹೋಗಿದ್ದೆ. ಬರುವಾಗ ಬಸ್ಸಿನಲ್ಲಿ ನನಗೆ ಕಿಟಕಿಯ ಸೀಟು ಸಿಕ್ಕಿತು. ಪಕ್ಕದ ಸೀಟಿನ ಮೇಲೆ ಒಂದು ಮಾಸಿದ ಟವೆಲ್ಲು ಬಿದ್ದಿತ್ತು. ಬಸ್ಸು ತುಂಬಿತು, ಹೊರಟಿತು, ಟವೆಲ್ಲಿನ ಒಡೆಯ ಬರಲಿಲ್ಲ. ಒಬ್ಬ ಯುವಕ ಬಂದು ಅದನ್ನು ಎರಡು ಬೆರಳಿಂದ ಎತ್ತಿದ. ನಾನು ಅದರ ಮೇಲೆ ಅಂಗೈ ಊರಿದೆ.

“ಮಂದಿ ಬರ್ತಾರ್ರೀ.”

“ಎಲ್ಲಿ ಬರ್ತಾರ್ರೀ? ಬಸ್ ಊರು ದಾಟೇತಿ.”

“ಹಿಂದ ಅದಾರ. ಬರ್ತಾರ.”

ಇನ್ನಿಬ್ಬರು ಬಂದರು. ಒಬ್ಬಳು ನನ್ನನ್ನು ಹೆಂಡತಿಗಾಗಿ ಸೀಟು ಹಿಡಿದ ಸ್ವಾರ್ಥಿ ಎಂದಳು. ಕಂಡಕ್ಟರ್ ಬಂದು, “ಟವೆಲ್‌ಗೂ ಟಿಕೆಟ್ ತಗೋತೀರೇನ್ರಿ ಸರ?” ಎಂದ. ಬಸ್ಸಿನವರೆಲ್ಲ ನಕ್ಕರು. ನನ್ನ ಕಿವಿ ಬಿಸಿಯಾದರೂ ಕೈ ತೆಗೆಯಲಿಲ್ಲ. ಸೋಮಾವತಿ ನಾಲ್ಕು ತಾಸು ಹಿಡಿದಿದ್ದಳು, ನನ್ನಿಂದ ಮಸ್ಕಿಯವರೆಗೂ ಆಗುವುದಿಲ್ಲವೇ?

ಅರ್ಧ ದಾರಿಯಲ್ಲಿ ಒಂದು ಹಳ್ಳಿಯ ಜನ ಇಳಿದು ನಡುವೆ ಸ್ವಲ್ಪ ಜಾಗವಾಯಿತು. ಹಿಂದಿನ ಬಾಗಿಲ ಸಂದಿಯಿಂದ ಒಬ್ಬ ವಯಸ್ಸಾದ ಮನುಷ್ಯ ಕೋಲೂರುತ್ತ ಮುಂದೆ ಬಂದ. ಗುರುಗುಂಟಾದವನು, ಆಡಿನ ವ್ಯಾಪಾರಕ್ಕೆ ಹೊರಟವನು. ಟವೆಲ್ಲನ್ನು ನೋಡಿದ, ಅದರ ಮೇಲಿನ ನನ್ನ ಕೈಯನ್ನು ನೋಡಿದ.

“ಇನ್ನೂ ಖಾಲಿ ಐತೇನ್ರಿ? ಯಾವನರ ಕುಂತಿರ್ತಾನ ಅಂತ ಅಲ್ಲೇ ನಿಂತಿದ್ನೆಪಾ.”

“ನಿಮ್ಮ ಟವೆಲ್ ಇತ್ತಲ್ರೀ” ಎಂದೆ. ಅವನು ಉಸ್ಸೆಂದು ಕೂತ, ಕಣ್ಣು ಮುಚ್ಚಿದ, ಮಸ್ಕಿ ಬರುವುದರೊಳಗೆ ನನ್ನ ಭುಜದ ಮೇಲೆ ಒರಗಿ ಗೊರಕೆ ಹೊಡೆಯತೊಡಗಿದ. ನನಗೆ ಅಷ್ಟು ಹೆಮ್ಮೆ ಬಡ್ತಿ ಸಿಕ್ಕಾಗಲೂ ಆಗಿರಲಿಲ್ಲ.

ಮನೆಗೆ ಬಂದವನೇ ಅವ್ವನ ಮುಂದೆ ಎಲ್ಲವನ್ನೂ ಹೇಳಿದೆ. ಯುವಕ, ಕಂಡಕ್ಟರ್, ನಕ್ಕವರು, ಯಾರನ್ನೂ ಬಿಡಲಿಲ್ಲ. ಜಗಳವನ್ನು ಸ್ವಲ್ಪ ಬೆಳೆಸಿಯೇ ಹೇಳಿದೆ. ಅವ್ವ ಮೊರದಲ್ಲಿ ಜೋಳ ಕೇರುತ್ತಿದ್ದಳು. ಪೂರ್ತಿ ಕೇಳಿಸಿಕೊಂಡಳು.

“ಚಲೋ ಮಾಡಿದಿ” ಎಂದಳು. ಮೊರವನ್ನು ಇನ್ನೆರಡು ಸಲ ಝಾಡಿಸಿದಳು.

“ಖರೆ, ಆ ಜವಳಗೇರಾದ ಮುದುಕ ಇನ್ನೂ ನಿಂತಾನಪಾ.”